ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು: ಈ ಹಣೆಪಟ್ಟಿ ಎಷ್ಟು ನಿಜ?

ಶಿರಸಿಯಾಗಲಿ ಕಾರವಾರವಾಗಲಿ, ಪಾಲಕರ ಸಭೆಗಳಲ್ಲಿ ಈಗ ಒಂದು ಮಾತು ಜಾಸ್ತಿ ಕೇಳಿಬರುತ್ತದೆ. "ನಮ್ಮ ಮಾಣಿ ವಿಶುವಲ್ ಲರ್ನರ್ ಮಾಸ್ತರೇ. ಕೇಳಿದ್ದು ತಲೆಗೆ ಹೋಗೂದಿಲ್ಲ, ನೋಡಿದ್ರೆ ಮಾತ್ರ ಆಗ್ತದೆ." ಕೆಲವರ ಕೈಯಲ್ಲಿ ಅದಕ್ಕೊಂದು ವರದಿಯೂ ಇರುತ್ತದೆ. ಒಂದಷ್ಟು ಪ್ರಶ್ನೆಗಳಿಗೆ ಟಿಕ್ ಹಾಕಿಸಿ, ಬಣ್ಣದ ಚಾರ್ಟ್ ಮಾಡಿ ಕೊಟ್ಟಿರುತ್ತಾರೆ. ಶಿಕ್ಷಕರ ತರಬೇತಿಗಳ ಸ್ಲೈಡುಗಳಲ್ಲೂ ಇದು ಆಗಾಗ ಬರುತ್ತದೆ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳಲ್ಲಿ ಮೂರು ಬಗೆ. ಯಾರು ಯಾವ ಬಗೆ ಎಂದು ಕಂಡುಹಿಡಿದು ಅವರಿಗೆ ಹಾಗೇ ಪಾಠ ಮಾಡಿದರೆ ಆಯಿತು, ಎಲ್ಲರೂ ಕಲಿಯುತ್ತಾರೆ.

ಕೇಳಲಿಕ್ಕೆ ಚೆಂದ. ಆದರೆ ಇದು ನಿಜ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಹುಡುಕಿದವರು ಬಹಳ ಜನ, ಸಿಕ್ಕಿದ್ದು ಬಹಳ ಕಡಿಮೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಂತೂ ಈ ಹಣೆಪಟ್ಟಿಯಿಂದ ಒಂದು ಹೆಚ್ಚಿನ ನಷ್ಟ ಇದೆ ಎಂದು ನನಗೆ ಅನಿಸುತ್ತದೆ. ಮಕ್ಕಳ ನಡುವೆ ನಿಜವಾಗಿ ಇರುವ ವ್ಯತ್ಯಾಸಗಳು ಅದರ ಹಿಂದೆ ಮರೆಯಾಗಿ ಹೋಗುತ್ತವೆ.

ಮೊದಲು 'ಕಲಿಕಾ ಶೈಲಿ' ಎಂಬ ಈ ವಿಚಾರ ಎಲ್ಲಿಂದ ಬಂತು ನೋಡೋಣ. ಇಂದು ಹೆಚ್ಚು ಚಾಲ್ತಿಯಲ್ಲಿರುವ ಪ್ರಶ್ನಾವಳಿಯ ಹೆಸರು ವಾರ್ಕ್. ಅದನ್ನು ರೂಪಿಸಿದವರು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ಹಿಂದೆ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. 1992ರಲ್ಲಿ ಕಾಲೀನ್ ಮಿಲ್ಸ್ ಜೊತೆ ಸೇರಿ ಅದರ ಬಗ್ಗೆ ಲೇಖನ ಬರೆದರು. ನೋಡುವುದು, ಕೇಳುವುದು, ಮಾಡುವುದರ ಜೊತೆ ಓದಿ ಬರೆಯುವುದು ಎಂಬ ನಾಲ್ಕನೇ ಬಗೆಯನ್ನು ಸೇರಿಸಿದರು. ಇಂಥ ಪಟ್ಟಿ ಇದೊಂದೇ ಅಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ 71 ಬೇರೆ ಬೇರೆ ಕಲಿಕಾ ಶೈಲಿ ಮಾದರಿಗಳು ಸಿಕ್ಕವು. ಒಂದರ ಪ್ರಕಾರ ನಿಮ್ಮ ಮಗು ನೋಡಿ ಕಲಿಯುವ ಬಗೆ, ಇನ್ನೊಂದರ ಪ್ರಕಾರ ಚಿಂತಿಸಿ ಕಲಿಯುವ ಬಗೆ, ಮತ್ತೊಂದರಲ್ಲಿ ಬೇರೇನೋ. 71 ಬಗೆಯ ಅಳತೆಗೋಲು ಇದ್ದಾಗ ಯಾವುದರಿಂದ ಅಳೆಯಬೇಕು ಎಂದು ಮಾಸ್ತರರು ಕೇಳಿದರೆ ತಪ್ಪಲ್ಲ ಅಲ್ವಾ?

ಇದರ ಜೊತೆ ಹಾರ್ವರ್ಡಿನ ಹೋವರ್ಡ್ ಗಾರ್ಡ್ನರ್ ಹೆಸರೂ ಬರುತ್ತದೆ. ಬುದ್ಧಿ ಒಂದೇ ಅಲ್ಲ, ಹಲವು ಎಂದು ಅವರು 1983ರಲ್ಲಿ ವಾದಿಸಿದ್ದರು. ತಮ್ಮ ಬಹುಬುದ್ಧಿ ಸಿದ್ಧಾಂತಕ್ಕೂ ಕಲಿಕಾ ಶೈಲಿಗೂ ಸಂಬಂಧ ಇಲ್ಲ ಎಂದು 2013ರಲ್ಲಿ ಅವರೇ ಬರೆದು ಸ್ಪಷ್ಟ ಮಾಡಿದರು. ಆದರೂ ಎರಡನ್ನೂ ಕಲಸಿ ಹೇಳುವುದು ನಿಂತಿಲ್ಲ.

ಹಾಗಾದರೆ ಪರೀಕ್ಷಿಸಿ ನೋಡುವುದು ಹೇಗೆ? ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ಬಹಳ ಜನ ಎಡವುವುದು ಇಲ್ಲೇ. "ವಿಡಿಯೋ ತೋರಿಸಿದೆ, ನಮ್ಮ ಹುಡುಗಿಗೆ ಅರ್ಥ ಆಯಿತು" ಎಂದರೆ ಸಾಲದು. ವಿಡಿಯೋ ಎಲ್ಲರಿಗೂ ಅರ್ಥ ಆಗುವಂತೆಯೇ ಇದ್ದಿರಬಹುದು. ಕುಮಟೆಯ ಒಂದು ಹೈಸ್ಕೂಲು ಎಂದು ಇಟ್ಟುಕೊಳ್ಳಿ. ಪ್ರಶ್ನಾವಳಿ ಕೊಟ್ಟು ಮಕ್ಕಳನ್ನು ನೋಡುವವರು, ಕೇಳುವವರು ಎಂದು ಎರಡು ಗುಂಪು ಮಾಡುತ್ತೀರಿ. ಆಮೇಲೆ ಪ್ರತಿ ಗುಂಪನ್ನೂ ಚೀಟಿ ಎತ್ತಿ ಅರ್ಧ ಮಾಡುತ್ತೀರಿ. ಅರ್ಧ ಮಕ್ಕಳಿಗೆ ಪಾಠ ಚಿತ್ರದಲ್ಲಿ, ಉಳಿದರ್ಧಕ್ಕೆ ಅದೇ ಪಾಠ ಮಾತಿನಲ್ಲಿ. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ನೋಡುವವರು ಚಿತ್ರದಲ್ಲಿ ಹೆಚ್ಚು ಅಂಕ ಪಡೆದು, ಕೇಳುವವರು ಮಾತಿನಲ್ಲಿ ಹೆಚ್ಚು ಪಡೆದರೆ ಸಿದ್ಧಾಂತ ಗೆದ್ದಿತು. ಎರಡೂ ಗುಂಪು ಚಿತ್ರದಲ್ಲೇ ಹೆಚ್ಚು ಪಡೆದರೆ ಆ ಪಾಠಕ್ಕೆ ಚಿತ್ರ ಒಳ್ಳೆಯದು ಎಂದಾಯಿತು, ಅಷ್ಟೆ.

2008ರ ಕೊನೆಗೆ ಹೆರಾಲ್ಡ್ ಪಾಶ್ಲರ್ ಮತ್ತು ಇನ್ನು ಮೂವರು ಮನೋವಿಜ್ಞಾನಿಗಳು ಇದೇ ಒರೆಗಲ್ಲು ಹಿಡಿದು ಅಲ್ಲಿಯವರೆಗಿನ ಸಂಶೋಧನೆಗಳನ್ನು ಜಾಲಾಡಿದರು. ಈ ರೀತಿ ಸರಿಯಾಗಿ ನಡೆಸಿದ ಪ್ರಯೋಗಗಳೇ ಅಪರೂಪ. ನಡೆದವುಗಳಲ್ಲಿ ಹಲವು ಸಿದ್ಧಾಂತಕ್ಕೆ ವಿರುದ್ಧವಾಗಿಯೇ ಇದ್ದವು. ಆಮೇಲೆ 2015ರಲ್ಲಿ ಬೆತ್ ರೊಗೌಸ್ಕಿ ಮತ್ತು ಸಂಗಡಿಗರು ವಯಸ್ಕರಿಗೆ ಒಂದೇ ಪಠ್ಯವನ್ನು ಕೇಳಿಸಿ, ಓದಿಸಿ ನೋಡಿದರು. ಕೇಳುವುದು ಇಷ್ಟ ಎಂದವರಿಗೆ ಕೇಳಿದ್ದರಿಂದ ವಿಶೇಷ ಲಾಭ ಆಗಲಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಶರೀರರಚನೆ ಕಲಿಯುವ 400ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ವಾರ್ಕ್ ಪ್ರಶ್ನಾವಳಿ ಕೊಟ್ಟು, ಅವರವರ ಶೈಲಿ ಹೇಳಿ, ಹಾಗೇ ಓದಲು ಸಲಹೆಯನ್ನೂ ಕೊಟ್ಟರು. ಬಹುಪಾಲು ಮಂದಿ ಸಲಹೆಯಂತೆ ಓದಲೇ ಇಲ್ಲ. ಓದಿದ ಕೆಲವರಿಗೂ ಅಂಕ ಹೆಚ್ಚಾಗಲಿಲ್ಲ.

ಇಷ್ಟೆಲ್ಲ ಆದಮೇಲೂ ನಂಬಿಕೆ ಹೋಗಿಲ್ಲ. 2012ರ ಒಂದು ಸಮೀಕ್ಷೆಯಲ್ಲಿ ಬ್ರಿಟನ್ ಮತ್ತು ನೆದರ್ಲೆಂಡಿನ 90%ಗೂ ಹೆಚ್ಚು ಶಿಕ್ಷಕರು ಇದನ್ನು ನಿಜ ಎಂದರು. ನಮ್ಮ ಅಕ್ಕೋರು, ಮಾಸ್ತರರು ನಂಬಿದರೆ ಅವರನ್ನು ದೂರುವ ಹಾಗಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟಿದ್ದನ್ನೇ ಅವರು ನಂಬುತ್ತಿದ್ದಾರೆ.

ಪಾಠಕ್ಕೆ ಬೇಕಾದ ಇಂದ್ರಿಯ

ಇಷ್ಟ ಎಂಬುದು ಸುಳ್ಳಲ್ಲ. ಕೆಲವರಿಗೆ ಚಿತ್ರ ಇಷ್ಟ, ಕೆಲವರಿಗೆ ಕತೆ ಕೇಳುವುದು ಇಷ್ಟ. ಇಷ್ಟವಾದದ್ದು ಸಲೀಸಾಗಿ ಒಳಗೆ ಇಳಿದಂತೆ ಅನಿಸುತ್ತದೆ. ಆದರೆ ಸಲೀಸು ಅನಿಸುವುದಕ್ಕೂ ನೆನಪು ಉಳಿಯುವುದಕ್ಕೂ ನಂಟು ಬಹಳ ಸಡಿಲ. ಯಾವ ಇಂದ್ರಿಯ ಬೇಕು ಎಂಬುದನ್ನು ಸಾಮಾನ್ಯವಾಗಿ ನಿರ್ಧರಿಸುವುದು ಕಲಿಯುವ ವಿಷಯ.

ಜಿಲ್ಲೆಯ ನದಿಗಳನ್ನೇ ತೆಗೆದುಕೊಳ್ಳಿ. ಕಾಳಿ ಜೋಯಿಡಾದ ಡಿಗ್ಗಿ ಕಡೆ ಹುಟ್ಟಿ, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ, ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತದೆ. ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ತದಡಿ ಹತ್ತಿರ ಕಡಲಿಗೆ ಬರುತ್ತದೆ. ಇದನ್ನು ನಕ್ಷೆ ಇಲ್ಲದೆ ಬರೀ ಬಾಯಲ್ಲಿ ಹೇಳಿದರೆ ಯಾವ ಮಗುವಿಗೂ ಕಷ್ಟವೇ. 'ಕೇಳಿ ಕಲಿಯುವ ಮಗು' ಎಂದು ಒಬ್ಬನಿಗೆ ನಕ್ಷೆ ತೋರಿಸದೆ ಬಿಡುತ್ತೀರಾ? ಹಾಗೆಯೇ ಕವಿತೆಯ ಲಯ ಕಿವಿಗೆ ಬೀಳಬೇಕು. ಲಘು ಗುರು ಹಾಕಿದ ಚಾರ್ಟ್ ನೋಡಿದರೆ ಅದು ಬರುವುದಿಲ್ಲ.

ಈ ಮಾತು ಯಕ್ಷಗಾನದವರಿಗೆ ಹೊಸದೇನಲ್ಲ. ಇಡಗುಂಜಿ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ಹೊನ್ನಾವರದ ಗುಣವಂತೆಯಲ್ಲಿ ಕಲಿಕೆಯ ಕೇಂದ್ರವನ್ನೇ ತೆರೆದರು. ಯಕ್ಷಗಾನ ಕಲಿಯಲು ಬಂದ ಹುಡುಗನನ್ನು "ನೀನು ನೋಡಿ ಕಲಿಯುವವನೋ, ಕೇಳಿ ಕಲಿಯುವವನೋ" ಎಂದು ಗುರುಗಳು ಕೇಳುವುದಿಲ್ಲ. ತಾಳವನ್ನು ಮೊದಲು ಬಾಯಲ್ಲಿ ಹೇಳಿಸುತ್ತಾರೆ, ಕೈಯಲ್ಲಿ ಹಾಕಿಸುತ್ತಾರೆ, ಆಮೇಲೆ ಹೆಜ್ಜೆ. ಮುದ್ರೆ, ನಿಲುವು ನೋಡಿ ಕಲಿಯಬೇಕು. ಭಾಗವತರ ಪದ ಕಿವಿಯಿಂದ. ಅರ್ಥ ಹೇಳುವ ಹೊತ್ತಿಗೆ ಪುರಾಣ ಓದಿರಬೇಕು, ಹತ್ತು ತಾಳಮದ್ದಳೆ ಕೇಳಿರಬೇಕು, ಎದುರಿನವರ ಮಾತಿಗೆ ಆ ಕ್ಷಣದಲ್ಲೇ ಉತ್ತರ ಹೊಳೆಯಬೇಕು. ಒಬ್ಬನೇ ಹುಡುಗ ಕಣ್ಣು, ಕಿವಿ, ಕಾಲು, ಬಾಯಿ ಎಲ್ಲವನ್ನೂ ಬಳಸುತ್ತಾನೆ. ಯಾವುದು ಯಾವಾಗ ಎಂಬುದನ್ನು ಕಲೆಯೇ ಹೇಳುತ್ತದೆ.

ಚಿತ್ರ ಮತ್ತು ಮಾತು ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಎಲ್ಲರಿಗೂ ಅನುಕೂಲ. ಅದಕ್ಕೆ ಒಳ್ಳೆಯ ಪುರಾವೆ ಇದೆ. ಹಾಗಾಗಿ ಸ್ಮಾರ್ಟ್ ಕ್ಲಾಸ್ ಬೇಡ ಎಂದು ನಾನು ಹೇಳುತ್ತಿಲ್ಲ. 'ಓದಿದ್ದರಲ್ಲಿ 10%, ಕೇಳಿದ್ದರಲ್ಲಿ 20%, ಮಾಡಿದ್ದರಲ್ಲಿ 90% ನೆನಪಿರುತ್ತದೆ' ಎಂಬ ತ್ರಿಕೋನದ ಸ್ಲೈಡನ್ನು ಮಾತ್ರ ನಂಬಬೇಡಿ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ಮೂಲ ಚಿತ್ರದಲ್ಲಿ ಈ ಯಾವ ಅಂಕಿಯೂ ಇರಲಿಲ್ಲ. ಆಮೇಲೆ ಯಾರೋ ಸೇರಿಸಿದ್ದು. ಇಷ್ಟು ಗುಂಡಾದ ಅಂಕಿಗಳು ಸಾಲಾಗಿ ಬಂದಾಗಲೇ ಅನುಮಾನ ಬರಬೇಕಿತ್ತು.

ಕಲಿಕಾ ಶೈಲಿ ತಪ್ಪಾದರೂ ಅದರಿಂದ ಕೆಡುಕೇನು ಎಂದು ಕೇಳುವವರಿದ್ದಾರೆ. ಕೆಡುಕು ಇದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಾಲಕರಿಗೆ, ಮಕ್ಕಳಿಗೆ, ಶಿಕ್ಷಕರಿಗೆ ಕಾಲ್ಪನಿಕ ವಿದ್ಯಾರ್ಥಿಗಳ ಬಗ್ಗೆ ಹೇಳಿದರು. ಒಬ್ಬ ನೋಡಿ ಕಲಿಯುವವನು, ಇನ್ನೊಬ್ಬ ಕೈಯಿಂದ ಮಾಡಿ ಕಲಿಯುವವನು. ಬೇರೆ ವಿವರ ಇಲ್ಲ. ಅಷ್ಟಕ್ಕೇ ಪಾಲಕರೂ ಮಕ್ಕಳೂ ನೋಡಿ ಕಲಿಯುವವನನ್ನು ಹೆಚ್ಚು ಬುದ್ಧಿವಂತ ಎಂದುಕೊಂಡರು. ಇದು ಅಮೆರಿಕದ ಕತೆ. ಕೈಕೆಲಸಕ್ಕೆ ಮೊದಲೇ ಒಂದು ಮೆಟ್ಟಿಲು ಕೆಳಗಿನ ಜಾಗ ಕೊಟ್ಟಿರುವ ನಮ್ಮ ಊರುಗಳಲ್ಲಿ ಈ ಹಣೆಪಟ್ಟಿ ಯಾರ ಮಕ್ಕಳಿಗೆ ಅಂಟುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ದೋಣಿಯವರ ಮನೆಯ ಹುಡುಗ, ತೋಟಕ್ಕೆ ಕೂಲಿಗೆ ಬರುವವರ ಮಗಳು 'ಮಾಡಿ ಕಲಿಯುವವರು'. ಹಾಗಾದರೆ ಅವರಿಗೆ ಪುಸ್ತಕ ಯಾಕೆ?

ಬೆರಳಚ್ಚು ತೆಗೆದು ಮಗುವಿನ ಬುದ್ಧಿ, ಶೈಲಿ, ಮುಂದಿನ ಉದ್ಯೋಗ ಎಲ್ಲ ಹೇಳುತ್ತೇವೆ ಎನ್ನುವ ಡಿಎಂಐಟಿ ಎಂಬ ವ್ಯಾಪಾರವೂ ಇದೆ. ಬೆರಳ ಗೆರೆ ಗರ್ಭದಲ್ಲೇ ಮೂಡುತ್ತದೆ. ಅದರಿಂದ ಕಲಿಕೆಯ ಭವಿಷ್ಯ ಹೇಳಲು ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್‌ಬ್ರೈನ್ ಆ್ಯಕ್ಟಿವೇಶನ್' ಇದರ ಅಣ್ಣ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಅದರ ಬಂಡವಾಳವನ್ನು ಬಯಲಿಗೆಳೆದಿದ್ದಾರೆ. ಬಟ್ಟೆಯ ಸಂದಿಯಲ್ಲಿ ಇಣುಕಿ ನೋಡುವುದಕ್ಕೆ ಮೆದುಳಿನ ಮಧ್ಯಭಾಗದ ಸಹಾಯ ಬೇಕಿಲ್ಲ.

ಮೈಲುತುತ್ತದ ಡ್ರಮ್ಮಿನಲ್ಲಿ ರಸಾಯನಶಾಸ್ತ್ರ

ಹಾಗೆಂದು ಮಕ್ಕಳೆಲ್ಲ ಒಂದೇ ಎಂದಲ್ಲ. ದೊಡ್ಡ ವ್ಯತ್ಯಾಸ ಇರುವುದು ಮಗುವಿಗೆ ಮೊದಲೇ ಏನು ಗೊತ್ತು ಎಂಬುದರಲ್ಲಿ.

1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದಲ್ಲಿ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ವಿವರಣೆ ಓದಿಸಿದರು. ಕೆಲವರು ಓದಿನಲ್ಲಿ ಚುರುಕು, ಕೆಲವರು ಹಿಂದೆ. ಕೆಲವರಿಗೆ ಆಟ ಚೆನ್ನಾಗಿ ಗೊತ್ತು, ಕೆಲವರಿಗೆ ಇಲ್ಲ. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಚುರುಕಾಗಿದ್ದು ಆಟ ಗೊತ್ತಿಲ್ಲದವರಿಗಿಂತ ಎಷ್ಟೋ ಚೆನ್ನಾಗಿ ನೆನಪಿಟ್ಟುಕೊಂಡು ಹೇಳಿದರು. ತಿಳಿದದ್ದಕ್ಕೆ ಹೊಸದು ಅಂಟಿಕೊಳ್ಳುತ್ತದೆ. ಅಂಟಿಕೊಳ್ಳಲು ಏನೂ ಇಲ್ಲದಿದ್ದರೆ ಜಾರಿ ಹೋಗುತ್ತದೆ.

ಈಗ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆಗೆಯಿರಿ. ಮೊದಲ ಅಧ್ಯಾಯದಲ್ಲೇ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದುವ ಚಟುವಟಿಕೆ ಇದೆ. ಮೊಳೆಯ ಮೇಲೆ ಕಂದು ಬಣ್ಣ ಕೂರುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಕಬ್ಬಿಣ ತಾಮ್ರವನ್ನು ಆಚೆ ತಳ್ಳಿ ಅದರ ಜಾಗದಲ್ಲಿ ಕೂತಿತು. ಪುಸ್ತಕದ ಹೆಸರು ಸ್ಥಾನಪಲ್ಲಟ ಕ್ರಿಯೆ.

ಇದೇ ಪಾಠ ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಪ್ರತಿ ಮಳೆಗಾಲ ನಡೆಯುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಮೈಲುತುತ್ತ ಎಂದರೆ ಅದೇ ತಾಮ್ರದ ಸಲ್ಫೇಟ್. ಅದರ ನೀರು ಆಮ್ಲದ ಕಡೆಗೆ, ಸುಣ್ಣ ಪ್ರತ್ಯಾಮ್ಲ. ಮಿಶ್ರಣ ಸರಿಯಾಯಿತೇ ಎಂದು ನೋಡಲು ಹೊಳೆಯುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ಇಡುವ ಪದ್ಧತಿ ಇದೆ. ಕತ್ತಿಯ ಮೇಲೆ ಕೆಂಪು ಪದರ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದು ಅರ್ಥ. ಹಾಗೇ ಹೊಡೆದರೆ ಎಲೆ, ಕಾಯಿ ಸುಡುತ್ತವೆ. ಕೊನೆಗೌಡ ಮರ ಹತ್ತುವ ಮೊದಲು ಇಷ್ಟೂ ಆಗಿರಬೇಕು.

ಕತ್ತಿಯ ಮೇಲಿನ ಕೆಂಪು ಪದರ ಮತ್ತು ಮೊಳೆಯ ಮೇಲಿನ ಕಂದು ಪದರ ಎರಡೂ ಒಂದೇ ಕ್ರಿಯೆ. ಆಮ್ಲ, ಪ್ರತ್ಯಾಮ್ಲದ ಪಾಠವೂ ಅದೇ ಡ್ರಮ್ಮಿನಲ್ಲಿ ಇದೆ. ಇದನ್ನು ಮನೆಯಲ್ಲಿ ಕಂಡ ಮಗುವಿಗೆ "ನಿಮ್ಮ ತೋಟದಲ್ಲಿ ಕತ್ತಿ ಅದ್ದುತ್ತಾರಲ್ಲ, ಅದೇ ಇದು" ಎಂದು ಒಂದು ಮಾತು ಹೇಳಿದರೆ ಪಾಠ ಅರ್ಧ ಮುಗಿಯಿತು. ಆದರೆ ಆ ಮಾತನ್ನು ಯಾರಾದರೂ ಹೇಳಬೇಕು. ಮಗು ತಾನಾಗಿ ಜೋಡಿಸಿಕೊಳ್ಳುವುದು ಕಡಿಮೆ. ತೋಟ ಬೇರೆ, ಶಾಲೆ ಬೇರೆ ಎಂದು ಅದಕ್ಕೆ ನಾವೇ ಕಲಿಸಿಬಿಟ್ಟಿರುತ್ತೇವೆ.

ಅದೇ ಮಗುವಿಗೆ ಸಮುದ್ರದ ಉಬ್ಬರ ಇಳಿತದ ಪಾಠ ಬಂದಾಗ ಕತೆ ಉಲ್ಟಾ. ಘಟ್ಟದ ಮೇಲೆ ಅದು ಬರೀ ಪುಸ್ತಕದ ಮಾತು. ತದಡಿ, ಅಘನಾಶಿನಿ ಕಡೆಯ ಹುಡುಗಿಗೆ ಇಳಿತದ ಹೊತ್ತು ಬೆಳಚು (ಚಿಪ್ಪುಮೀನು) ಹೆಕ್ಕುವ ಹೊತ್ತು. ದಿನವೂ ಆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಎಂಬುದು ಅವಳಿಗೆ ಮೈಯಲ್ಲೇ ಗೊತ್ತು. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜಾಸ್ತಿ ಏರುವುದೂ ಗೊತ್ತು. ಚಂದ್ರ ಯಾಕೆ ಎಂದು ಹೇಳಿಕೊಡುವುದಷ್ಟೇ ಬಾಕಿ. ಒಂದು ಕಡೆ ಚುರುಕಾದವಳು ಇನ್ನೊಂದು ಕಡೆ ಮಂಕಾಗಿ ಕಾಣುತ್ತಾಳೆ. ಅವಳ ಕಣ್ಣು ಕಿವಿ ಅವೇ ಇವೆ.

ಇನ್ನೊಂದು ವ್ಯತ್ಯಾಸ ಭಾಷೆಯದು. ಈ ಜಿಲ್ಲೆಯಷ್ಟು ಮನೆಮಾತುಗಳು ಇರುವ ಜಾಗ ಕಡಿಮೆ. ಕಾರವಾರ, ಜೋಯಿಡಾದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದಲ್ಲಿ ಮರಾಠಿ. ಯಲ್ಲಾಪುರದ ಸಿದ್ದಿಗಳ ಮಾತು ಬೇರೆ, ಹಾಲಕ್ಕಿಗಳ ಕನ್ನಡ ಬೇರೆ, ಹವ್ಯಕರ ಕನ್ನಡ ಬೇರೆ. ಶಾಲೆಯ ಪುಸ್ತಕ ಮಾತ್ರ ಒಂದೇ. ಒಂದನೇ ತರಗತಿಗೆ ಬಂದ ಕೊಂಕಣಿ ಮನೆಯ ಮಗು ಅಕ್ಕೋರು ಹೇಳಿದ್ದಕ್ಕೆ ಸುಮ್ನೆ ಕೂರುತ್ತದೆ, ಚಿತ್ರ ತೋರಿಸಿದರೆ ಮುಖ ಅರಳುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಪಕ್ಕಾ 'ನೋಡಿ ಕಲಿಯುವ ಮಗು'. ವಿಷಯ ಅದಲ್ಲ. ಮಗುವಿಗೆ ಮಾತು ಅರ್ಥವಾಗಿಲ್ಲ, ಚಿತ್ರ ಅರ್ಥವಾಯಿತು. ಅದಕ್ಕೆ ಬೇಕಿರುವುದು ಮನೆಮಾತಿನಲ್ಲಿ ಎರಡು ಮಾತು, ಜೊತೆಗೆ ಕನ್ನಡದ ಅಭ್ಯಾಸ. ಸಾಧ್ಯವಾದ ಕಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಒಂದೇ ಕೋಣೆಯಲ್ಲಿ ಮೂರು ಮನೆಮಾತು ಇರುವ ಶಾಲೆಯಲ್ಲಿ ಅದು ಹೇಗೆ ಎಂಬುದು ನಮ್ಮಲ್ಲಿ ನಿಜವಾಗಿ ಚರ್ಚೆ ಆಗಬೇಕಾದ ವಿಷಯ. ಶೈಲಿಯ ಚಾರ್ಟ್ ಮಾಡಿಸಲು ಹೋಗುವ ಸಮಯ, ದುಡ್ಡು ಇಲ್ಲಿಗೆ ಬಂದರೆ ಒಳ್ಳೆಯದಿತ್ತು.

ಕಣ್ಣು, ಕಿವಿಯನ್ನೂ ಮರೆಯಬಾರದು. ಬೋರ್ಡು ಕಾಣದ ಮಗು ಕೇಳಿಯೇ ಕಲಿಯುತ್ತದೆ, ಬೇರೆ ದಾರಿ ಇಲ್ಲವಲ್ಲ. ಅದಕ್ಕೆ ಬೇಕಾದದ್ದು ಕನ್ನಡಕ.

ನಲಿಕಲಿಯ ಬಗ್ಗೆ ಒಂದು ಮಾತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಹಾಡು, ಆಟ, ಕಾರ್ಡು ಇರುವುದರಿಂದ ಅದನ್ನೂ ಕಲಿಕಾ ಶೈಲಿ ಎಂದುಕೊಳ್ಳುವವರಿದ್ದಾರೆ. ಅಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಇರುವ ಚಿಕ್ಕ ಶಾಲೆಗಳಿಗೆ ಅದು ಹೊಂದುತ್ತದೆ. ಎಲ್ಲ ಮಕ್ಕಳೂ ಹಾಡುತ್ತಾರೆ, ಎಲ್ಲರೂ ಕಾರ್ಡು ಹಿಡಿಯುತ್ತಾರೆ.

ನೆನಪು ಮಾಡಿಕೊಳ್ಳುವುದೇ ಕಲಿಕೆ

ಹಾಗಾದರೆ ಎಲ್ಲ ಬಗೆಯ ಮಕ್ಕಳಿಗೂ ಕೆಲಸ ಮಾಡುವಂಥದ್ದು ಯಾವುದು? ಹೆಚ್ಚು ಗಟ್ಟಿ ಪುರಾವೆ ಇರುವ ಎರಡು ಅಭ್ಯಾಸಗಳು ಬಹಳ ಸರಳ. ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳುವುದು ಒಂದು. ಬಿಡುವು ಕೊಟ್ಟು ಮತ್ತೆ ಮತ್ತೆ ಓದುವುದು ಇನ್ನೊಂದು.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಗದ್ಯ ಭಾಗ ಕೊಟ್ಟರು. ಕೆಲವರು ಅದನ್ನೇ ಎರಡನೇ ಸಲ ಓದಿದರು. ಕೆಲವರು ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು: 81%, ಬರೆದವರು 75%. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗು. ಓದಿದವರಿಗೆ ನೆನಪಿದ್ದದ್ದು 42%, ಬರೆದವರಿಗೆ 56%. ಪರೀಕ್ಷೆಯ ಹಿಂದಿನ ರಾತ್ರಿ ಗೈಡು ತಿರುವಿ ಹಾಕಿದಾಗ ಎಲ್ಲ ಬಂದಂತೆ ಅನಿಸುವುದು ಯಾಕೆ, ಆಮೇಲೆ ಉಳಿಯದಿರುವುದು ಯಾಕೆ ಎಂದು ಇದರಿಂದ ಗೊತ್ತಾಗುತ್ತದೆ. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದೂ ಹೀಗೇ. ಕೈಗೆ ಕೆಲಸ, ನೆನಪಿಗೆ ಲಾಭ ಕಡಿಮೆ.

ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ, ಬಾಯಿಪಾಠ ಹೇಳಿಸುತ್ತಿದ್ದ ಅಜ್ಜಿಯರು ಅರ್ಧ ಸರಿ ಇದ್ದರು. ದಿನವೂ, ಪುಸ್ತಕ ನೋಡದೆ ಹೇಳಿಸುವುದು ಒಳ್ಳೆಯ ಕ್ರಮ. ಅರ್ಥ ಕೇಳದೆ ಬಿಡುತ್ತಿದ್ದದ್ದು ಕೊರತೆ.

ನಮ್ಮಲ್ಲಿ ಜೂನ್, ಜುಲೈಗೆ ಮಳೆ ರಜೆ ತಪ್ಪುವುದಿಲ್ಲ. ಜಿಲ್ಲಾಧಿಕಾರಿಗಳ ಆದೇಶ ಬೆಳಗಾಗುವುದರೊಳಗೆ ಎಲ್ಲರ ಫೋನಿಗೆ ಬಂದಿರುತ್ತದೆ. ಪಾಠ ಹಿಂದೆ ಬಿತ್ತು ಎಂದು ಶಿಕ್ಷಕರಿಗೆ ಚಿಂತೆ. ಎರಡು ಮೂರು ದಿನದ ರಜೆ ಮುಗಿದು ಮಕ್ಕಳು ಬಂದಾಗ ಹಳೆಯ ಪಾಠವನ್ನು ಮತ್ತೆ ಹೇಳುವ ಬದಲು, ಮೊದಲ ಹತ್ತು ನಿಮಿಷ ಖಾಲಿ ಹಾಳೆ ಕೊಟ್ಟು "ರಜೆಗೆ ಮೊದಲು ಏನು ಮಾಡಿದ್ದೆವು, ಬರೆಯಿರಿ" ಎನ್ನಬಹುದು. ಸ್ವಲ್ಪ ಮರೆತ ಮೇಲೆ ಕಷ್ಟಪಟ್ಟು ನೆನಪಿಸಿಕೊಂಡದ್ದು ಹೆಚ್ಚು ದಿನ ಉಳಿಯುತ್ತದೆ. ಹಾಳೆಗೆ ಅಂಕ ಕೊಡಬೇಡಿ. ಕೊಟ್ಟರೆ ಪಕ್ಕದವನ ಹಾಳೆಯೇ ಎಲ್ಲರ ನೆನಪಾಗುತ್ತದೆ.

ಗಣಿತಕ್ಕೆ ಇನ್ನೊಂದು ಉಪಾಯ ಇದೆ. 2007ರಲ್ಲಿ ಡೌಗ್ ರೋರರ್ ಮತ್ತು ಕೆಲ್ಲಿ ಟೇಲರ್ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿಸಿದರು. ಒಂದು ಗುಂಪು ಒಂದೊಂದೇ ಬಗೆಯ ಲೆಕ್ಕ ಸಾಲಾಗಿ ಮಾಡಿತು. ಇನ್ನೊಂದು ಗುಂಪಿಗೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಸಾಲಾಗಿ ಮಾಡಿದವರದ್ದು 89% ಸರಿ, ಕಲಸಿ ಮಾಡಿದವರದ್ದು 60%. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಸಾಲಿನವರು 20%ಕ್ಕೆ ಇಳಿದರು, ಕಲಸಿದವರು 63% ಪಡೆದರು. ಕಾರಣ ಸುಲಭ. ಒಂದೇ ಬಗೆಯ ಲೆಕ್ಕ ಸಾಲಾಗಿ ಮಾಡುವಾಗ ಯಾವ ಸೂತ್ರ ಹಾಕಬೇಕು ಎಂದು ಯೋಚಿಸಬೇಕಾಗಿಯೇ ಇಲ್ಲ. ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲಿ ಯಾವ ಲೆಕ್ಕ ಯಾವ ಅಧ್ಯಾಯದ್ದು ಎಂದು ಬರೆದಿರುವುದಿಲ್ಲ. ಮನೆಯಲ್ಲಿ ಮಾಡಿಸುವುದಾದರೆ ಈ ವಾರದ ಅಧ್ಯಾಯದಿಂದ ಎರಡು ಲೆಕ್ಕ, ಕಳೆದ ತಿಂಗಳಿನದು ಎರಡು, ಜೂನ್‌ನದು ಒಂದು. ಅಧ್ಯಾಯದ ಹೆಸರು ಹೇಳಬೇಡಿ. ಮೊದಲ ವಾರ ತಪ್ಪು ಜಾಸ್ತಿ ಬರುತ್ತದೆ, ಮಗು ಗೊಣಗುತ್ತದೆ. ಮೂರನೇ ವಾರದವರೆಗೆ ಬಿಡದೆ ಮಾಡಿಸಿ ನೋಡಿ.